ಕೂರುವ ಕೆಲಸ

ಹೊನ್ನಾವರದಲ್ಲಿ ಕೂತು ಸಂಬಳ ತಗೊಳ್ಳುವವರು ಬಹಳ ಜನ ಇದ್ದರು. ಕಚೇರಿಯಲ್ಲಿ ಕಾರಕೂನರು ಕೂರುತ್ತಿದ್ದರು. ಬಂದರದಲ್ಲಿ ಸುಂಕದವರು ಕೂರುತ್ತಿದ್ದರು. ಶಾಲೆಯಲ್ಲಿ ಮಾಸ್ತರರು ಕೂತಲ್ಲೇ ನಿದ್ದೆಯನ್ನೂ ಮುಗಿಸುತ್ತಿದ್ದರು. ಆದರೆ ಕೂರುವುದೇ ನನ್ನ ಕೆಲಸ ಎಂದು ಒಪ್ಪಿಕೊಂಡು ಕೂರುತ್ತಿದ್ದವನು ಊರಿಗೆಲ್ಲ ಒಬ್ಬನೇ. ಅವನು ಕುಪ್ಪ. ಊರ ಹೊರಗಿನ ಕೇರಿಯವನು. ಮುಟ್ಟಬಾರದವರ ಕೇರಿ.

ಅವನು ಕೂರುತ್ತಿದ್ದದ್ದು ಶ್ರೀ ವಿಶ್ವಂಭರ ಫರ್ನಿಚರ್ ವರ್ಕ್ಸಿನಲ್ಲಿ. ಸ್ಥಾಪನೆ ೧೯೧೧ ಎಂದು ಬೋರ್ಡಿನ ಮೇಲೆ ಬರೆದಿತ್ತು. ಬ್ರಿಟಿಷರು ಹೋದರು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತು. ಬೋರ್ಡು ಮಾತ್ರ ಅಲ್ಲಾಡಲಿಲ್ಲ. ಕುಮಟೆಯಲ್ಲೊಂದು, ಭಟ್ಕಳದಲ್ಲೊಂದು ಶಾಖೆ ಬೇರೆ. ಈ ಮೂರು ಊರುಗಳಲ್ಲಿ ಮರ್ಯಾದಸ್ಥ ಅನ್ನಿಸಿಕೊಳ್ಳಬೇಕಾದರೆ ಮನೆಯ ಜಗಲಿಯಲ್ಲಿ ವಿಶ್ವಂಭರದ ಕುರ್ಚಿ ಇರಬೇಕಿತ್ತು. ಮರ್ಯಾದೆ ಇಲ್ಲದಿದ್ದರೂ ನಡೆಯುತ್ತಿತ್ತು, ಕುರ್ಚಿ ಇದ್ದರಾಯಿತು.

ಅಂಗಡಿ ಬಜಾರ ರಸ್ತೆಗೆ ಮುಖ ಮಾಡಿತ್ತು. ಅಂಗಡಿಯ ಬೆನ್ನಿಗೆ ಕಾರ್ಖಾನೆ. ಕಾರ್ಖಾನೆಯ ಬೆನ್ನಿಗೆ ಒಂದು ತಗಡಿನ ಮಾಡು. ಆ ಮಾಡಿನ ಕೆಳಗೆ ಕುಪ್ಪ ಕೂರುತ್ತಿದ್ದ.

ಕೂರುವುದು ಎಂದರೆ ನೀವು ತಿಳಿದ ಹಾಗಲ್ಲ. ಪಾಲಿಶ್ ಕಾಣದ ಹಸಿ ಕುರ್ಚಿಯ ಮೇಲೆ ಮೊದಲು ಗೋಣಿತಾಟು ಹಾಸಬೇಕು. ಹೆಗಲ ಮೇಲೆ ಮರಳಿನ ಚೀಲ ಹೊರಬೇಕು. ಹೊತ್ತುಕೊಂಡು ಧೊಪ್ಪೆಂದು ಬೀಳಬೇಕು. ಬಲಕ್ಕೆ ವಾಲಬೇಕು. ಎಡಕ್ಕೆ ವಾಲಬೇಕು. ಕುರ್ಚಿಯ ಮುಂದಿನ ಕಾಲು ಎತ್ತಿ ಹಿಂದಿನ ಕಾಲ ಮೇಲೆ ಭಾರ ಹಾಕಬೇಕು. ಆಗ ಹಿರಿಯ ಬಡಗಿ ನಾಗಾಚಾರಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕುರ್ಚಿಯ ಸಂದಿಗೆ ಕಿವಿ ಕೊಟ್ಟು ಕೇಳುತ್ತಿದ್ದ. ಮರ ಕಿರ್ ಅಂದರೆ ಕುರ್ಚಿ ವಾಪಸು. ರಿಪೇರಿ ಆಗಿ ಬಂದ ಮೇಲೆ ಕುಪ್ಪ ಮತ್ತೆ ಬೀಳಬೇಕು. ಸಪ್ಪಳ ಇಲ್ಲ ಅಂದರೆ ನಾಗಾಚಾರಿ ಕೈ ಎತ್ತುತ್ತಿದ್ದ. ಕುಪ್ಪ ಏಳುತ್ತಿದ್ದ. ಮುಂದಿನ ಕುರ್ಚಿ.

ಬೆಳಗಿಂದ ಸಂಜೆಯವರೆಗೆ ಹೀಗೆ ಕೂತ ಮನುಷ್ಯ ಮನೆಗೆ ಹೋಗಿ ಕೂರಲಾರ. ಬೆನ್ನಿನ ಬುಡದ ಎಲುಬು ಕೆಂಡದ ಹಾಗೆ ಸುಡುತ್ತಿತ್ತು. ಕುಪ್ಪ ನಿಂತು ಗಂಜಿ ಕುಡಿಯುತ್ತಿದ್ದ. ಬೋರಲು ಮಲಗುತ್ತಿದ್ದ. ಕೇರಿಯ ಜನ ಬಿಡುತ್ತಿದ್ದರೇ?

"ಏ ಕುಪ್ಪಣ್ಣಾ, ಕೂತೂ ಕೂತೂ ಬಚ್ಚಿದ್ಯನಾ? ಚೂರು ನಿಂತ್ಕಂಡು ದಣಿವು ಆರಿಸ್ಕ ಮಾರಾಯಾ!"

ಇನ್ನೊಂದು ನಿಯಮ ಇತ್ತು. ಒರಗಬಾರದು. ಮೊದಮೊದಲು ಒಂದು ಸಲ, ಬಿದ್ದ ಭಾರಕ್ಕೆ ಬೆನ್ನು ತಾನಾಗಿಯೇ ಹಿಂದಕ್ಕೆ ಹೋಗಿತ್ತು. ನಾಗಾಚಾರಿ ಉಳಿಯ ಹಿಡಿಯಿಂದ ಅವನ ಮೊಣಕಾಲಿಗೆ ತಟ್ಟಿದ್ದ.

"ಕೂರೂದು ಕೆಲ್ಸ. ಒರಗೂದು ಸುಖ. ಸುಖಕ್ಕೆ ಒಡೆಯರು ಸಂಬಳ ಕೊಡೂದಿಲ್ಲ."

ಈ ಕೆಲಸ ಹುಟ್ಟಿದ್ದು ಒಬ್ಬ ಮ್ಯಾಜಿಸ್ಟ್ರೇಟರು ಬಿದ್ದದ್ದರಿಂದ. ಕುಪ್ಪ ಇನ್ನೂ ಹೊಳೆಯಿಂದ ನಾಟಾದ ದಿಮ್ಮಿ ಹೊರುತ್ತಿದ್ದ ಕಾಲ. ಕುಮಟೆಯ ಕೋರ್ಟಿನಲ್ಲಿ ಕೋಳಿ ಕದ್ದವನೊಬ್ಬನಿಗೆ ಶಿಕ್ಷೆ ಓದುತ್ತಿರುವಾಗ ಮ್ಯಾಜಿಸ್ಟ್ರೇಟರ ಕೆಳಗಿನ ಕುರ್ಚಿ ಕಾಲು ಚಾಚಿತು. ಕೋಳಿ ಕದ್ದವನೇ ಕೈಕೊಟ್ಟು ಎಬ್ಬಿಸಿದ. ಕುರ್ಚಿ ವಿಶ್ವಂಭರದ್ದು. ಮಾಲೀಕರಾದ ಶಾಂತಾರಾಮರಾಯರು ಒಂದು ವಾರ ಬಜಾರಕ್ಕೆ ಮುಖ ತೋರಿಸಲಿಲ್ಲ. ಎಂಟನೆಯ ದಿನ ಹೊರಬಂದು ಅಪ್ಪಣೆ ಮಾಡಿದರು: ಇನ್ನು ಮೇಲೆ ಒಬ್ಬ ಮನುಷ್ಯ ಕೂತು ನೋಡದೆ ಯಾವ ಕುರ್ಚಿಯೂ ಹೊರಗೆ ಹೋಗಬಾರದು.

ಯಾವ ಮನುಷ್ಯ? ಬಡಗಿಗಳು ಒಪ್ಪಲಿಲ್ಲ. ಮಾಡಿದವನೇ ಮೊದಲು ಕೂತರೆ ಕುರ್ಚಿಗೆ ಗಿರಾಕಿ ಬರುವುದಿಲ್ಲ ಎಂದು ಅವರ ನಂಬಿಕೆ. ಪಾಲಿಶಿನವರು ಒಬ್ಬೊಬ್ಬರೂ ಬತ್ತಿಯ ಹಾಗಿದ್ದರು. ಅವರ ಭಾರಕ್ಕೆ ತೊಟ್ಟಿಲೂ ಮುರಿಯಲಿಕ್ಕಿಲ್ಲ. ಆಗ ರಾಯರ ಕಣ್ಣು ನಾಟಾ ಹೊತ್ತು ಬರುತ್ತಿದ್ದ ಕುಪ್ಪನ ಮೇಲೆ ಬಿತ್ತು. ಆನೆಯಂಥ ಆಳು.

"ಅವ ಕೇರಿಯವ ಅಲ್ದಾ ಒಡೆಯಾ?" ಎಂದು ನಾಗಾಚಾರಿ ಮೆಲ್ಲಗೆ ನೆನಪಿಸಿದ.

ರಾಯರು ಖಾದಿ ಉಡುವವರು. ಗಾಂಧೀ ಜಯಂತಿಗೆ ಕೇರಿಗೆ ಹೋಗಿ ದೂರದಿಂದ ಬೆಲ್ಲ ಹಂಚುವವರು. ಅವರು ಸ್ವಲ್ಪ ಯೋಚಿಸಿ ಹೇಳಿದರು: "ಕೂರೂದು ಪಾಲಿಶಿನ ಮೊದಲು ಅಲ್ದಾ? ಮೇಲೆ ಅರಗು ಬೀಳ್ತದೆ, ಸ್ಪಿರಿಟ್ ಬೀಳ್ತದೆ. ಆಮೇಲೆ ಎಂತ ಉಳೀತದೆ?"

ಹೀಗೆ ವಿಶ್ವಂಭರ ಕಂಪನಿಯವರು, ಯಾವ ಶಾಸ್ತ್ರದಲ್ಲೂ ಇಲ್ಲದ ಒಂದು ಪಂಚಗವ್ಯವನ್ನು ಕಂಡುಹಿಡಿದರು. ಪಾಲಿಶ್ ಬಿದ್ದ ಮೇಲೆ ಕುರ್ಚಿ ಶುದ್ಧ. ಕುಪ್ಪ ಅಶುದ್ಧ. ಬೆಳಿಗ್ಗೆ ತಾನೇ ಕೂತಿದ್ದ ಕುರ್ಚಿ ಸಂಜೆ ಎದುರು ಬಂದರೆ ಅವನು ಗೋಡೆಗೆ ಸರಿದು ದಾರಿ ಬಿಡಬೇಕಿತ್ತು. ಬಿಡುತ್ತಿದ್ದ. ಡಾಕ್ಟರ ಕುರ್ಚಿ, ವಕೀಲರ ಕುರ್ಚಿ, ಮದುಮಗನ ಕುರ್ಚಿ, ಶಾಲೆಯ ಬೆಂಚು, ದೇವಸ್ಥಾನದ ಮೊಕ್ತೇಸರರ ಕುರ್ಚಿ. ಆ ಸೀಮೆಯಲ್ಲಿ ದೊಡ್ಡವರು ಯಾರೇ ಎಲ್ಲೇ ಕೂತರೂ ಅವರಿಗಿಂತ ಮೊದಲು ಅಲ್ಲಿ ಕುಪ್ಪ ಕೂತಿದ್ದ. ಊರಿಗೆ ಗೊತ್ತಿರಲಿಲ್ಲ. ಕಾರ್ಖಾನೆಯವರು ಬಾಯಿ ಬಿಟ್ಟಿರಲಿಲ್ಲ. ಕೇರಿಗೆ ಗೊತ್ತಿತ್ತು. ಆದರೆ ಕೇರಿಯ ಮಾತನ್ನು ಊರು ಯಾವತ್ತು ಕೇಳಿತ್ತು?

ಅವನ ಮಗಳು ಬೆಳ್ಳಿಗೆ ಮಾತ್ರ ಇದೊಂದು ದೊಡ್ಡ ಕತೆ. ಸಂಜೆ ಅಪ್ಪ ಅಂಗಳಕ್ಕೆ ಕಾಲಿಡುತ್ತಲೇ ಕೇಳುತ್ತಿದ್ದಳು.

"ಇವತ್ತು ಯಾರ ಕುರ್ಚಿ ಅಪ್ಪಾ?"

"ಡಾಕ್ಟ್ರದ್ದು."

"ಹೆಂಗಿತ್ತು?"

"ಗಟ್ಟಿ ಇತ್ತು."

"ಅದಲ್ಲ. ಅದ್ರ ಮೇಲೆ ಕೂತ್ರೆ ಹೆಂಗಾಗ್ತದೆ?"

ಕುಪ್ಪ ಕೂತದ್ದೆಲ್ಲ ಏಳುವುದಕ್ಕೆ. ಸುಮ್ಮನೆ ಕೂತರೆ ಹೇಗಾಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಬೆಳ್ಳಿ ಐದನೆಯ ಇಯತ್ತೆ. ಕೇರಿಯಿಂದ ಆ ಶಾಲೆಗೆ ಹೋಗುವವಳು ಅವಳೊಬ್ಬಳೇ. ಆ ವರ್ಷ ಶಾಲೆಗೆ ವಿಶ್ವಂಭರದಿಂದ ಹೊಸ ಬೆಂಚುಗಳು ಬಂದಿದ್ದವು. ಅವಳು ಮನೆಗೆ ಬಂದು ಪಾಟಿಚೀಲ ಎಸೆದಳು.

"ಎಲ್ರಿಗೂ ಬೆಂಚಿ. ನಂಗೆ ಬಾಗ್ಲ ಹತ್ರ ನೆಲ."

"ಎಂತಕ್ಕೆ?"

"ಬೆಂಚಿ ಕಮ್ಮಿ ಬಿದ್ದದೆ ಅಂದ್ರು ಮಾಸ್ತರು."

"ಕಮ್ಮಿ ಬಿದ್ದದ್ಯಾ?"

"ಒಂದು ಖಾಲಿ ಇತ್ತಪ್ಪಾ. ಅದ್ರ ಮೇಲೆ ಮಾಸ್ತರ ಕೊಡೆ ಮಲ್ಗಿತ್ತು." ಎಸೆದ ಪಾಟಿಚೀಲ ಹೆಕ್ಕಿಕೊಂಡು ಕೇಳಿದಳು. "ಆ ಬೆಂಚಿ ಮೇಲೂ ನೀ ಕೂತಿದ್ಯ?"

"ಕೂತಿದ್ದೆ."

"ನೀ ಕೂತದ್ರ ಮೇಲೆ ಅವ್ರು ಕೂರೂಕಾಗ್ತದೆ. ನಾ ಕೂತ್ರೆ ಎಂತ ಆಗ್ತದೆ?"

ಕುಪ್ಪ ಗಂಜಿಯ ಬಟ್ಟಲು ಕೆಳಗಿಟ್ಟು ಹೊರಗೆ ಹೋದ.

ಇದು ಹೀಗೇ ನಡೆಯುತ್ತಿತ್ತು. ಕೆಡಿಸಿದ್ದು ಪ್ರಗತಿ. ರಾಯರ ಮಗ ರಮಾಕಾಂತ ನಾಲ್ಕು ವರ್ಷ ಮುಂಬಯಿಯಲ್ಲಿ ಓದಿ, ಬಿಗಿ ಪ್ಯಾಂಟು ಮತ್ತು ಜಾಹೀರಾತು ಎಂಬ ಶಬ್ದವನ್ನು ತಂದ. ಕಂಪನಿಗೆ ಐವತ್ತು ತುಂಬುವುದರಲ್ಲಿತ್ತು. ಸುವರ್ಣ ಮಹೋತ್ಸವಕ್ಕೆ ಹ್ಯಾಂಡ್‌ಬಿಲ್ ಹಂಚಬೇಕು ಎಂದ.

"ಪಪ್ಪಾ, ಈಗಿನ ಕಾಲದಲ್ಲಿ ಮಾಲು ಒಳ್ಳೇದಿದ್ರೆ ಸಾಲ್ದು. ಒಳ್ಳೇದು ಅಂತ ಕೂಗ್ಬೇಕು."

ಕೂಗಲಿಕ್ಕೆ ಏನಿದೆ ಎಂದು ಹುಡುಕುತ್ತ ಕಾರ್ಖಾನೆ ಸುತ್ತಿದ. ಜನ್ಮದಲ್ಲಿ ಮೊದಲ ಸಲ ತಗಡಿನ ಮಾಡಿನವರೆಗೆ ಹೋದ. ಅಲ್ಲಿ ಮರಳಿನ ಚೀಲ ಹೊತ್ತ ಮನುಷ್ಯನೊಬ್ಬ ಕುರ್ಚಿಗಳ ಮೇಲೆ ಬೀಳುವುದನ್ನೂ ಏಳುವುದನ್ನೂ ಕಂಡ. "ಬ್ಯೂಟಿಫುಲ್!" ಎಂದು ಚಪ್ಪಾಳೆ ತಟ್ಟಿದ. ಕುಪ್ಪ ಗಾಬರಿಯಿಂದ ಎದ್ದು ನಿಂತ. ಯಾರಾದರೂ ಚಪ್ಪಾಳೆ ತಟ್ಟಿದರೆ ಮುಂದೆ ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಹದಿನೈದು ದಿನದಲ್ಲಿ ಹ್ಯಾಂಡ್‌ಬಿಲ್ ಬಂತು. ಮಧ್ಯದಲ್ಲಿ ಕುರ್ಚಿ. ಅದರ ಮೇಲೆ ಗಿರಿಜಾಮೀಸೆಯ, ರುಮಾಲಿನ ಒಬ್ಬ ಪೈಲ್ವಾನ. ಕೆಳಗೆ: 'ನಮ್ಮ ಪ್ರತಿಯೊಂದು ಕುರ್ಚಿಯ ಮೇಲೂ ನಿಮಗಿಂತ ಮೊದಲು ಇಬ್ಬರ ತೂಕದ ಒಬ್ಬ ಮನುಷ್ಯ ಕೂತಿದ್ದಾನೆ. ನೀವು ನಿಶ್ಚಿಂತೆಯಿಂದ ಕೂರಿ.' ಕುಮಟೆಯಿಂದ ಭಟ್ಕಳದವರೆಗೆ ಬಸ್ಸಿನ ಕಿಟಕಿಗಳಲ್ಲಿ, ಹೊಳೆ ದಾಟಿಸುವ ತಾರಿಯ ಕಟ್ಟೆಯಲ್ಲಿ, ಮೀನುಪೇಟೆಯಲ್ಲಿ ಅದನ್ನು ಹಂಚಿದರು. ಜನ ಓದಿ ತಲೆದೂಗಿದರು. ಅಂಗಡಿಯಲ್ಲಿ ಗಿರಾಕಿ ಹೆಚ್ಚಿದರು. ರಮಾಕಾಂತ ಕನ್ನಡಿಯೆದುರು ನಿಂತು ಮೀಸೆ ಬಿಡುವ ಯೋಚನೆ ಮಾಡಿದ.

ಆಗ ಅಂಬಾಬಾಯಿ ಬಂದರು. ರಿಟಾಯರ್ಡ್ ಮಾಮಲೇದಾರರ ಹೆಂಡತಿ. ಕೈಯಲ್ಲಿ ಹ್ಯಾಂಡ್‌ಬಿಲ್.

"ರಮಾಕಾಂತಾ, ಈ ಮೀಸೆಯವ ಯಾರೋ? ನಮ್ಮ ಪೈಕಿಯವ್ನಾ?"

ಮುಂಬಯಿಯಲ್ಲಿ ನಾಲ್ಕು ವರ್ಷ ಇದ್ದ ಹುಡುಗನಿಗೆ ಯಾವ ಸತ್ಯವನ್ನು ಯಾರೆದುರು ಹೇಳಬಾರದು ಎಂಬುದು ಮರೆತುಹೋಗಿತ್ತು.

"ಮೀಸೆ ಚಿತ್ರ ಬರೆದವನದ್ದು ಅಂಬಕ್ಕಾ. ಕೂರುವವ ನಮ್ಮ ಕುಪ್ಪ. ಆಚೆ ಕೇರಿಯವ. ಬಹಳ ಸಂಭಾವಿತ."

ಅಂಬಾಬಾಯಿ ತಾವು ಕೂತಿದ್ದ ಕುರ್ಚಿಯಿಂದ ಚೇಳು ಕಡಿದ ಹಾಗೆ ಎದ್ದರು.

"ಅಯ್ಯೋ ದೇವರೇ! ನಮ್ಮವ್ರು ಸಂಧ್ಯಾವಂದನೆ ಮುಗ್ಸಿ ನಿಮ್ಮ ಕುರ್ಚಿ ಮೇಲೇ ಅಲ್ಲವೋ ಕೂರೂದು!"

ಸುದ್ದಿಗೆ ಹೊಳೆ ದಾಟಲು ತಾರಿ ಬೇಕಾಗಲಿಲ್ಲ. ಮರುದಿನದಿಂದ ಕುರ್ಚಿಗಳು ತವರಿಗೆ ಹೊರಟವು. ಗಾಡಿಯ ಮೇಲೆ, ಬಸ್ಸಿನ ನೆತ್ತಿಯ ಮೇಲೆ, ದೋಣಿಯಲ್ಲಿ ಕಾಲು ಮೇಲಾಗಿ ಬಂದವು. ಹತ್ತು ವರ್ಷ ಸುಖವಾಗಿ ಕೂತವರಿಗೆ ಈಗ ಕೂತಲ್ಲೆಲ್ಲ ತುರಿಕೆ. ಕುಮಟೆಯ ವಕೀಲರೊಬ್ಬರು ತಮ್ಮ ಸೋತ ಮೊಕದ್ದಮೆಗಳಿಗೆಲ್ಲ ಈಗ ಕಾರಣ ಸಿಕ್ಕಿತು ಎಂದರು. ಒಬ್ಬರು ಕುರ್ಚಿಗೆ ಗೋಮೂತ್ರ ಸುರಿದು, ಬೆತ್ತ ಕೊಳೆತದ್ದಕ್ಕೂ ಕಂಪನಿಯನ್ನೇ ಬೈದರು. ಕೋರ್ಟು ಕಚೇರಿಗಳ ಕುರ್ಚಿ ಮಾತ್ರ ಬರಲಿಲ್ಲ. ಸರಕಾರದ ಕುರ್ಚಿಯನ್ನು ಯಾರು ಕೂತು ಹೊಲಸು ಮಾಡಿದರೂ ಬಿಟ್ಟುಕೊಡುವವರಿಲ್ಲ. ಭಟ್ಕಳದ ಬಟ್ಟೆ ವ್ಯಾಪಾರಿ ಇಸ್ಮಾಯಿಲ್ ಸಾಹೇಬರು ಅಲ್ಲಿಯ ಶಾಖೆಗೆ ಬಂದು ಒಂದೇ ಪ್ರಶ್ನೆ ಕೇಳಿದರಂತೆ: "ಕುರ್ಚಿ ಅಲ್ಲಾಡ್ತದ್ಯಾ?" ಇಲ್ಲ ಎಂದದ್ದಕ್ಕೆ, "ಮತ್ತೆ ಇವ್ರು ಎಂತಕ್ಕೆ ಅಲ್ಲಾಡ್ತಾ ಇದ್ದಾರೆ?" ಎಂದು ನಕ್ಕು ಹೋದರಂತೆ.

ರಮಾಕಾಂತ ತಾನು ವೈಯಕ್ತಿಕವಾಗಿ ಜಾತಿ ನಂಬುವವನಲ್ಲ ಎಂದು ಅಪ್ಪನಿಗೆ ತಿಳಿಸಿ, ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಉಪಾಯ ರಾಯರೇ ಹುಡುಕಬೇಕಾಯಿತು. ಹುಡುಕಿದರು. ಕುಪ್ಪನನ್ನು ಕಾರ್ಖಾನೆಯ ಹಿಂಬಾಗಿಲಿಗೆ ಕರೆಸಿದರು. ಅವರು ಮೆಟ್ಟಿಲ ಮೇಲೆ, ಇವನು ಅಂಗಳದಲ್ಲಿ.

"ಕುಪ್ಪಾ, ಕಂಪನಿಯ ಅನ್ನ ತಿಂದವ ನೀನು."

"ಹೌದು ಒಡೆಯಾ."

"ಒಂದು ಮಾತು ಹೇಳ್ಬೇಕು, ಅಷ್ಟೇ. ಮಹೋತ್ಸವದ ದಿನ, ಎಲ್ಲರ ಎದುರು. ನಾನು ಕುರ್ಚಿ ಮೇಲೆ ಕೂತವ ಅಲ್ಲ, ಮರಳಿನ ಚೀಲ ಇಟ್ಟು ತೆಗೀತಿದ್ದೆ. ಇಷ್ಟು ಹೇಳಿದ್ರೆ ಆತು."

"ಕೂತದ್ದು ಹೌದಲ್ಲ ಒಡೆಯಾ."

"ಹೌದಾ ಅಲ್ದಾ ಅಂತ ಕೇಳಿದ್ನೇನೋ ನಾನು? ಹೇಳ್ತ್ಯಾ ಅಂತ ಕೇಳಿದೆ."

ರಾಯರು ದನಿ ಇಳಿಸಿದರು. ಅವರ ದನಿ ಇಳಿದಾಗ ಕೇಳುವವರು ಹೆದರುತ್ತಿದ್ದರು.

"ನಿನ್ನ ಮಗಳು ನೆಲದ ಮೇಲೆ ಕೂರ್ತಾಳಂತೆ. ನಂಗೆ ಬೇಜಾರಾತು. ಅವಳಿಗೇ ಅಂತ ಒಂದು ಬೆಂಚು ಮಾಡಿಸ್ತೆ. ಸಣ್ಣದು. ಬಾಗಿಲ ಹತ್ರ ಹಿಡಿಯುವಂಥದ್ದು. ಪಾಲಿಶ್ ಸಮೇತ. ಬೇರೆ ಯಾರೂ ಕೂರದ ಹಾಗೆ ಅವಳ ಹೆಸರನ್ನೂ ಬರೆಸ್ತೆ."

"ಹೇಳದೇ ಇದ್ರೆ?"

"ಹೇಳದೇ ಇದ್ರೆ ಕೆಲ್ಸವೂ ಇಲ್ಲ, ಸಾಲೆಯೂ ಇಲ್ಲ. ಸಾಲೆ ಕಮಿಟಿ ಚೇರ್ಮನ್ ಯಾರು ಗೊತ್ತದೆ ಅಲ್ದಾ?"

ಗೊತ್ತಿತ್ತು. ಆ ಊರಿನಲ್ಲಿ ಎಲ್ಲ ಕಮಿಟಿಗಳ ಚೇರ್ಮನ್ ಅವರೇ. ಕುರ್ಚಿ ಮಾಡುವವರಿಗೆ ಕುರ್ಚಿಯ ಬರ ಎಲ್ಲಿ?

ಕುಪ್ಪ ಕೇಳಿದ.

"ಆ ಬೆಂಚಿ ಮೇಲೆ ಯಾರು ಕೂತು ನೋಡೂದು ಒಡೆಯಾ?"

ಇದು ಪ್ರಶ್ನೆಯೋ ಕೊಂಕೋ ರಾಯರಿಗೆ ತಿಳಿಯಲಿಲ್ಲ. ಕೇಳಿದವನಿಗೂ ಸರಿಯಾಗಿ ತಿಳಿದಿರಲಿಲ್ಲ.

ಸಂಜೆ ಹೆಂಡತಿ ಸೋಮಿ ಅವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಉಬ್ಬರ ಇಳಿದ ಹೊತ್ತಿಗೆ ಹೊಳೆಗಿಳಿದು ಬಳಚು ಚಿಪ್ಪಿ ಹೆಕ್ಕುವ ಕೈ. ಚಿಪ್ಪು ಕೊಯ್ದು ಕೊಯ್ದು ಒರಟಾದ ಕೈ. ಅವನು ಬೋರಲು ಮಲಗಿ, ಮಣ್ಣಿನ ನೆಲಕ್ಕೆ ಬಾಯಿ ಹಚ್ಚಿ ಎಲ್ಲ ಹೇಳಿದ.

"ಹೇಳು," ಎಂದಳು ಸೋಮಿ. "ಹೇಳಿ ಬಾ. ಒಂದು ಮಾತು ಅಲ್ದಾ? ಹೊಟ್ಟೆಗೆ ಬೇಕು."

ಕೈ ನಿಂತಿತು.

"ಆದ್ರೆ ನಾಳಿಂದ ಸೊಂಟ ನೋವು ಅಂತ ನನ್ನ ಹತ್ರ ಬರ್ಬೇಡ. ನೀ ಕೂತೇ ಇಲ್ಲ ಅಂದ್ಮೇಲೆ ಈ ಸೊಂಟ ಎಂತಕ್ಕೆ ಹಿಂಗಾತು? ಕೇರಿಯವ್ರಿಗೆ ನಾ ಎಂತ ಹೇಳೂದು? ಮರಳು ಚೀಲಕ್ಕೆ ಎಣ್ಣೆ ಹಚ್ತೆ ಅಂತ್ಲಾ?"

ಬೆಳ್ಳಿ ಒಲೆಯ ಹತ್ತಿರದಿಂದ ಕೇಳಿಸಿಕೊಂಡಿದ್ದಳು.

"ನಂಗೊಬ್ಳಿಗೇ ಬೆಂಚಿ ಬ್ಯಾಡ ಅಪ್ಪಾ."

"ಎಂತಕ್ಕೆ ಮಗಾ?"

"ಅಲ್ಲೂ ಒಬ್ಳೇ. ನೆಲ ಆದ್ರೆ ಆಚೆ ಈಚೆ ಸರಿಯೂಕಾದ್ರೂ ಆಗ್ತದೆ."

ಮಹೋತ್ಸವದ ಬೆಳಿಗ್ಗೆ ಅಂಗಡಿಗೆ ಮಾವಿನ ತೋರಣ ಕಟ್ಟಿತ್ತು. ಒಳಗೆ ಸಾಲು ಸಾಲು ಕುರ್ಚಿ. ವಾಪಸು ಬಂದವುಗಳನ್ನೆಲ್ಲ ಮತ್ತೆ ಪಾಲಿಶ್ ಮಾಡಿಸಿ, ಭಟ್ಟರಿಂದ ನೀರು ಚಿಮುಕಿಸಿ, ಕಾಲಿಗೆ ಅರಿಶಿನದ ದಾರ ಸುತ್ತಿಸಿ ಇಟ್ಟಿದ್ದರು. ಎದುರಿಗೆ, ಮಧ್ಯದಲ್ಲಿ, ಅತಿಥಿಗಳಿಗೆಂದು ಸಿಂಹದ ಕೈಗಳ ಒಂದು ದೊಡ್ಡ ಸಾಗುವಾನಿ ಕುರ್ಚಿ. ಮೂರೂ ಊರಿನ ದೊಡ್ಡವರು ಬಂದರು. ಗುಲಾಬಿ ನೀರು ಹಾಕಿಸಿಕೊಂಡರು. ಪಾನಕ ಕುಡಿದರು. ಮತ್ತು ನಿಂತರು.

ಯಾರೂ ಕೂರಲಿಲ್ಲ. ಅಂಗಡಿಯ ತುಂಬ ಕುರ್ಚಿ, ಕುರ್ಚಿಗಳ ನಡುವೆ ನಿಂತ ಮನುಷ್ಯರು. ಕಾರವಾರದ ಜಿಲ್ಲಾ ಕಚೇರಿಯಿಂದ ಮುಖ್ಯ ಅತಿಥಿಯಾಗಿ ಬಂದ ಸಾಹೇಬರಿಗೆ ಅಸ್ಪೃಶ್ಯತೆಯ ಕಾಯ್ದೆ ಬಾಯಿಪಾಠ ಇತ್ತು. ಆದ್ದರಿಂದ ಅವರು ಒಂದು ಕಪಾಟಿನ ಕನ್ನಡಿಯೆದುರು ನಿಂತು ಟೈ ಸರಿಮಾಡಿಕೊಳ್ಳತೊಡಗಿದರು. ಬಹಳ ಹೊತ್ತು ಮಾಡಿಕೊಂಡರು. ಕುರ್ಚಿ ಕಂಪನಿಯ ಸುವರ್ಣ ಮಹೋತ್ಸವ ನಿಂತ ಕಾಲಿನಲ್ಲಿ ಶುರುವಾಯಿತು.

ಕುಪ್ಪನಿಗೆ ಕಂಪನಿ ಹೊಸ ಅಂಗಿ ಕೊಟ್ಟಿತ್ತು. ಅವನ ಅಳತೆಯ ಅಂಗಿ ಬಜಾರದಲ್ಲಿ ಇರಲಿಲ್ಲ. ಗುಂಡಿ ಹಾಕಿದರೆ ಉಸಿರು ಕಟ್ಟುತ್ತಿತ್ತು. ಅವನನ್ನು ಹೊಸ್ತಿಲ ಆಚೆ, ರಸ್ತೆಯ ಮೇಲೆ ನಿಲ್ಲಿಸಿದ್ದರು. ಕೋಣೆಯಿಂದ ಹೊರಬಂದಿದ್ದ ರಮಾಕಾಂತ ಪಕ್ಕದಲ್ಲಿ ನಿಂತು, ಹೇಳಬೇಕಾದ ಮಾತನ್ನು ಗಿಣಿಗೆ ಕಲಿಸುವ ಹಾಗೆ ಕಲಿಸಿದ್ದ. ಅವನ ಹಿಂದೆ ಪ್ರಾರ್ಥನೆ ಹಾಡಲು ಕರೆತಂದ ಶಾಲೆಯ ಮಕ್ಕಳ ಸಾಲು. ಸಾಲಿನ ಕೊನೆಯಲ್ಲಿ, ಎರಡು ಆಳಿನ ಜಾಗ ಬಿಟ್ಟು, ಬೆಳ್ಳಿ.

ರಾಯರು ಭಾಷಣ ಮಾಡಿದರು. ಐವತ್ತು ವರ್ಷದ ಸೇವೆ ಎಂದರು. ಗಾಂಧೀಜಿ ಎಂದರು. ಕೆಲವು ಕಿಡಿಗೇಡಿಗಳ ಅಪಪ್ರಚಾರ ಎಂದರು. ಆ ಕಿಡಿಗೇಡಿ ತಮ್ಮ ಮಗ ಎನ್ನಲಿಲ್ಲ.

"ನಾನು ಹೇಳೂದು ಬೇಡ. ನಮ್ಮ ಕುಪ್ಪನೇ ಹೇಳ್ತಾನೆ. ಹೇಳಪ್ಪಾ."

ಎಲ್ಲರೂ ಬಾಗಿಲಿನತ್ತ ತಿರುಗಿದರು. ಕುಪ್ಪ ಒಳಗೆ ನೋಡಿದ. ಇಷ್ಟು ವರ್ಷದಲ್ಲಿ ಅಂಗಡಿಯ ಮುಂಬಾಗಿಲಿನಿಂದ ಒಳಗೆ ನೋಡಿದ್ದು ಇದೇ ಮೊದಲು. ಅವನಿಗೆ ಕಂಡದ್ದು ಕುರ್ಚಿಗಳು. ಒಂದೊಂದೂ ಪರಿಚಯದ್ದು. ಆಮೇಲೆ ಕಾಲುಗಳು. ಅಂಬಾಬಾಯಿಯ ಗಂಡ, ಮುದುಕ ಮಾಮಲೇದಾರರ ಮೊಣಕಾಲು ನಡುಗುತ್ತಿತ್ತು. ಅವರ ಕೈ ಪಕ್ಕದ ಕುರ್ಚಿಯ ತೋಳಿನತ್ತ ಹೋಗುತ್ತಿತ್ತು, ಮುಟ್ಟುವಷ್ಟರಲ್ಲಿ ಹಿಂದಕ್ಕೆ ಬರುತ್ತಿತ್ತು. ಭಾರವನ್ನು ಈ ಕಾಲಿಂದ ಆ ಕಾಲಿಗೆ, ಆ ಕಾಲಿಂದ ಈ ಕಾಲಿಗೆ ಹಾಕುತ್ತಿದ್ದರು. ಕುಪ್ಪನಿಗೆ ಅದು ಗೊತ್ತಿದ್ದ ಸಂಕಟ. ಹೋಟೆಲಿನ ಹೊರಗೆ, ಕಚೇರಿಯ ಹೊರಗೆ, ದವಾಖಾನೆಯ ಹೊರಗೆ ಅವನು ಹಾಗೆಯೇ ನಿಂತಿದ್ದ. ಒಂದು ಗಳಿಗೆ ಪಾಪ ಅನ್ನಿಸಿತು. ಅವನು ಒಂದು ಸುಳ್ಳು ಹೇಳಿದರೆ ಊರು ಕೂರುತ್ತದೆ.

ಬಾಯಿ ತೆರೆದ. ಬೆನ್ನಿನ ಬುಡದಲ್ಲಿ ಕೆಂಡ ಎದ್ದಿತು. ಮ್ಯಾಜಿಸ್ಟ್ರೇಟರು ಬಿದ್ದ ವರ್ಷದಿಂದ ಅದು ಅವನ ಜೊತೆಗಿತ್ತು. ಅದಕ್ಕೆ ರಮಾಕಾಂತ ಏನೂ ಕಲಿಸಿರಲಿಲ್ಲ.

"ಕೂತಿದ್ದೆ," ಎಂದ ಕುಪ್ಪ.

"ಎಂತ?" ಎಂದರು ರಾಯರು.

"ಕೂತಿದ್ದೆ. ಇದ್ರ ಮೇಲೂ ಕೂತಿದ್ದೆ, ಅದ್ರ ಮೇಲೂ ಕೂತಿದ್ದೆ. ಎಲ್ಲದ್ರ ಮೇಲೂ ಕೂತವ ನಾನೇ. ಮರಳು ಚೀಲ ನನ್ನ ಹೆಗಲ ಮೇಲಿತ್ತು."

ಅಷ್ಟು ಹೇಳಿ ಹೊಸ್ತಿಲು ದಾಟಿದ. ಜನ ದಾರಿ ಬಿಟ್ಟರು. ಗೌರವದಿಂದಲ್ಲ, ತಾಗೀತು ಎಂದು. ಸೀರೆಗಳು ಸರಿದವು, ಧೋತರಗಳು ಸರಿದವು, ಒಂದು ಪಾನಕದ ಲೋಟ ಬಿತ್ತು. ನೇರ ಸಿಂಹದ ಕುರ್ಚಿಯ ಹತ್ತಿರ ಹೋಗಿ ಕೂತ. ಧೊಪ್ಪೆಂದು ಬೀಳಲಿಲ್ಲ. ಮೆಲ್ಲಗೆ ಕೂತ. ಹೆಗಲ ಮೇಲೆ ಚೀಲ ಇಲ್ಲದೆ ಅವನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ನಾಗಾಚಾರಿಗೆ ಏನಾಯಿತೋ. ಇಷ್ಟು ವರ್ಷದ ಅಭ್ಯಾಸ. ಥಟ್ಟನೆ ಪಕ್ಕದಲ್ಲಿ ಕುಕ್ಕರಿಸಿ, ಸಂದಿಗೆ ಕಿವಿ ಕೊಟ್ಟ.

"ಸಪ್ಪಳ ಇಲ್ಲ," ಎಂದ. ಆಮೇಲೆ ಸುತ್ತ ನೋಡಿ, ನಾಚಿ ಎದ್ದ.

"ಏಳೋ!" ಎಂದು ರಾಯರು ಕಿರುಚಿದರು. "ಏಳ್ತ್ಯಾ ಇಲ್ವಾ?"

"ಏಳೂದು ನನ್ನ ಕೆಲ್ಸ ಆಗಿತ್ತು ಒಡೆಯಾ. ಕೆಲ್ಸ ಬಿಟ್ಟೆ."

"ಎಳೆದು ಹಾಕ್ರೋ ಇವನ್ನ!"

ಯಾರು ಎಳೆಯಬೇಕು? ಎಳೆಯಬೇಕಾದರೆ ಮುಟ್ಟಬೇಕು. ಅಂಗಡಿಯಲ್ಲಿ ಕೈಗಳಿಗೇನೂ ಕೊರತೆ ಇರಲಿಲ್ಲ. ಎಲ್ಲ ಕೈಗಳೂ ಅವರವರ ಬೆನ್ನ ಹಿಂದೆ ಹೋದವು. ಇಷ್ಟು ಕಾಲ ಅವನನ್ನು ಹೊರಗಿಟ್ಟಿದ್ದ ಕಟ್ಟಳೆ ಈಗ ಅವನ ಸುತ್ತ ಬೇಲಿಯ ಹಾಗೆ ನಿಂತುಬಿಟ್ಟಿತು. ಬಾಗಿಲಲ್ಲಿದ್ದ ಹವಾಲ್ದಾರ ಸಾಹೇಬರ ಮುಖ ನೋಡಿದ. ಸಾಹೇಬರು ಕನ್ನಡಿ ನೋಡಿದರು. ಕುಮಟೆಯ ವಕೀಲರು ರಾಯರ ಕಿವಿಯಲ್ಲಿ ಕಾಯ್ದೆ, ಜೈಲು ಎಂದು ಏನೋ ಪಿಸುಗುಟ್ಟಿದರು.

"ಹಂಗಾರೆ ಕುರ್ಚಿ ಸಮೇತ ಎತ್ತಿ!" ಎಂದರು ರಾಯರು. "ನಾಲ್ಕು ಜನ ನಾಲ್ಕು ಕಾಲು ಹಿಡೀರಿ. ಹೊತ್ತು ರಸ್ತೆಗೆ ಹಾಕಿ!"

ಬಡಗಿಗಳು ಮುಂದೆ ಬಂದರು. ಬಗ್ಗಿದರು. ನಾಗಾಚಾರಿ ಬಗ್ಗಿದವನು ಹಾಗೆಯೇ ತಲೆ ಎತ್ತಿ, ಹೊರಗೆ ಬಜಾರ ರಸ್ತೆಯಲ್ಲಿ ಸೇರಿದ್ದ ಜನರನ್ನು ನೋಡಿದ. ಮೀನಿನ ಬುಟ್ಟಿ ಇಳಿಸಿ ನಿಂತ ಹೆಂಗಸರು, ತಾರಿಯಿಂದ ಇಳಿದವರು, ಬಸ್ಸು ತಪ್ಪಿಸಿಕೊಂಡವರು.

"ಹೊತ್ಕಂಡು ಹೋದ್ರೆ ಮೆರವಣಿಗೆ ಆಗ್ತದೆ ಒಡೆಯಾ," ಎಂದ.

ಬಡಗಿಗಳು ನೆಟ್ಟಗಾದರು.

ಕುಪ್ಪ ಕೊರಳ ಗುಂಡಿ ಬಿಚ್ಚಿದ. ಉಸಿರು ಬಂತು. ಆಮೇಲೆ ಇಷ್ಟು ವರ್ಷ ಮಾಡದ ಕೆಲಸ ಮಾಡಿದ. ಬೆನ್ನನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟ. ಮೊದಲು ಸೊಂಟ ತಾಗಿತು. ಆಮೇಲೆ ಹೆಗಲು. ಹಿಂದೆ ಮರ ಇತ್ತು. ಅದು ಅವನ ಭಾರ ತಗೊಂಡಿತು. ಮೈಯಲ್ಲಿ ಎಷ್ಟು ಕಡೆ ನೋವಿದೆ ಎಂಬುದು ಅವನಿಗೆ ಆಗಲೇ ಗೊತ್ತಾದದ್ದು.

ಜನ ಹೊರಡತೊಡಗಿದರು. ಅಂಬಾಬಾಯಿ ಗಂಡನ ತೋಳು ಹಿಡಿದು ಎಳೆದೊಯ್ದರು. ಮುದುಕ ಹೋಗುವಾಗ ಕುರ್ಚಿಗಳನ್ನು ಆಸೆಯಿಂದ ತಿರುಗಿ ನೋಡಿದ. ಮಾಸ್ತರರು ಕೊಡೆ ಬೀಸಿ ಮಕ್ಕಳನ್ನು ಸಾಲಾಗಿ ಅಟ್ಟಿದರು. ಸಾಲು ಹೋಯಿತು. ಬೆಳ್ಳಿ ಹೊಸ್ತಿಲ ಆಚೆ ಉಳಿದಳು. ನಾಳೆಯಿಂದ ಆ ಸಾಲಿನ ಕೊನೆಯಲ್ಲೂ ಅವಳಿಗೆ ಜಾಗ ಇಲ್ಲವೆಂದು ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

"ಬಾ ಮಗಾ," ಎಂದ ಕುಪ್ಪ.

ಅವಳು ರಾಯರ ಪಕ್ಕದಿಂದಲೇ ಬಂದಳು. ರಾಯರು ಸರಿದರು. ಅಪ್ಪನ ಪಕ್ಕದ ಕುರ್ಚಿ ಏರಿ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ. ತುದಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದು ಕೂತಳು.

ಅಂಗಡಿ ಖಾಲಿಯಾಯಿತು. ಸುತ್ತ ನೂರಾರು ಕುರ್ಚಿ. ಐವತ್ತು ವರ್ಷದ ಕಂಪನಿಯ ಮಾಲೀಕರಾದ ಶಾಂತಾರಾಮರಾಯರು ಒಂದು ಕುರ್ಚಿಯ ಕಡೆ ಕೈ ಚಾಚಿದರು. ಹಿಂದಕ್ಕೆ ತೆಗೆದರು. ಇನ್ನೊಂದರ ಕಡೆ ನೋಡಿದರು. ನಿಂತೇ ಇದ್ದರು.

"ಒರಗ್ಲಾ ಅಪ್ಪಾ?" ಎಂದು ಬೆಳ್ಳಿ ಕೇಳಿದಳು.

"ಒರಗು."